ಹಳೆಯ ಫೋರ್-ವೀಲ್ ಡ್ರೈವ್ ಗಾಡಿ: ಕೊಳ್ಳಲೋ ಬೇಡವೋ?

ಈ ಬಾರಿ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು: ಸೆಕೆಂಡ್ ಹ್ಯಾಂಡ್ ಫೋರ್-ವೀಲ್ ಡ್ರೈವ್. ಸಾಮಾನ್ಯ ಕಾರು ನೋಡಿ ಪಳಗಿದ ಕಣ್ಣಿಗೆ ಇಂಥ ಗಾಡಿಯ ಅರ್ಧಭಾಗ ಬೀಳುವುದೇ ಇಲ್ಲ. ಟ್ರಾನ್ಸ್‌ಫರ್ ಕೇಸ್ (ಶಕ್ತಿಯನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ಗೇರು ಪೆಟ್ಟಿಗೆ), ಮುಂದಿನ ಡಿಫರೆನ್ಷಿಯಲ್ (ತಿರುವಿನಲ್ಲಿ ಎಡಬಲ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರುಗಳು), ಅಲ್ಲಿಗೆ ಶಕ್ತಿ ಒಯ್ಯುವ ಎರಡನೇ ಪ್ರೊಪೆಲ್ಲರ್ ಶಾಫ್ಟ್ ಎಲ್ಲವೂ ಹೊಟ್ಟೆಯಡಿ ಅವಿತಿರುತ್ತವೆ. ಕೊಂಡವರ ದುಡ್ಡು ಕರಗುವುದೂ ಅಲ್ಲಿಯೇ. ಹಾಗಾಗಿ ಇಲ್ಲಿನ ಉತ್ತರಗಳನ್ನು ಓದಿದ ಮೇಲೆ ಹಳೆಯ ಬಟ್ಟೆ ಹಾಕಿಕೊಂಡು, ಟಾರ್ಚ್ ಹಿಡಿದು ಗಾಡಿ ನೋಡಲು ಹೋಗಿ.

ಪ್ರಶ್ನೆ: ಮನೆ ತಲುಪುವ ಕೊನೆಯ 2 ಕಿ.ಮೀ. ಮಣ್ಣಿನ ದಾರಿ. ಮಳೆ ಬಂದರೆ ಈಗಿರುವ ಕಾರು ಹೂತುಕೊಳ್ಳುತ್ತದೆ. ಫೋರ್-ವೀಲ್ ಡ್ರೈವ್ ಕೊಳ್ಳಲೇಬೇಕೇ?

ಉತ್ತರ: ಮುಂದಿನ ಸಲ ಹೂತಾಗ ಇಳಿದು ನೋಡಿ, ಯಾಕೆ ಹೂತಿತು ಎಂದು. ಕಾರಿನ ಹೊಟ್ಟೆ ದಿಣ್ಣೆಯ ಮೇಲೆ ಕೂತಿದ್ದರೆ ನಿಮಗೆ ಬೇಕಿರುವುದು ನೆಲದಿಂದ ಎತ್ತರ, ನಾಲ್ಕು ಚಕ್ರದ ಎಳೆತವಲ್ಲ. ಟೈರಿನ ಗೆರೆಗಳು ಕೆಸರು ತುಂಬಿ ನುಣ್ಣಗಾಗಿದ್ದರೆ ದಪ್ಪ ಗುಬ್ಬಿಯ ಟೈರುಗಳೇ ಅರ್ಧ ಕೆಲಸ ಮಾಡಿಬಿಡುತ್ತವೆ. ಇವೆರಡೂ ಸರಿಯಿದ್ದು, ಏರಿನಲ್ಲಿ ಎಳೆಯುವ ಚಕ್ರ ಸುಮ್ಮನೆ ಸುತ್ತುತ್ತಿದ್ದು, ಎಳೆಯದ ಜೋಡಿ ತೆಪ್ಪಗೆ ನಿಂತಿದ್ದರೆ ಆಗ ಫೋರ್-ವೀಲ್ ಡ್ರೈವ್‌ಗೆ ಅರ್ಥ ಬರುತ್ತದೆ.

ಅದಕ್ಕೂ ಮಿತಿ ಇದೆ. ಬ್ರೇಕ್ ಹಾಕಿದಾಗ ನಾಲ್ಕು ಚಕ್ರದ ಎಳೆತ ಗಾಡಿಯನ್ನು ಬೇಗ ನಿಲ್ಲಿಸುವುದಿಲ್ಲ. ಒದ್ದೆ ಟಾರಿನ ತಿರುವಿನಲ್ಲಿ ಕಾಪಾಡುವುದು ಟೈರು ಮತ್ತು ನಿಧಾನ. ಇನ್ನೊಂದು ಸಂಗತಿ ಅನೇಕರಿಗೆ ಗೊತ್ತಿರುವುದಿಲ್ಲ: ಡಿಫರೆನ್ಷಿಯಲ್ ಲಾಕ್ (ಎರಡೂ ಬದಿಯ ಚಕ್ರ ಒಟ್ಟಿಗೇ ಸುತ್ತುವಂತೆ ಬಿಗಿಯುವ ವ್ಯವಸ್ಥೆ) ಇಲ್ಲದ ಗಾಡಿಯಲ್ಲಿ ಮುಂದಿನ ಒಂದು ಚಕ್ರ, ಅದಕ್ಕೆ ಓರೆಯಾಗಿ ಹಿಂದಿನ ಒಂದು ಚಕ್ರ ಗುಂಡಿಯ ಮೇಲೆ ತೇಲಿದರೆ ಆ ಎರಡೂ ಗಿರಗಿರ ಸುತ್ತುತ್ತವೆ, ನೆಲ ಹಿಡಿದ ಎರಡು ಚಕ್ರ ಅಲ್ಲಾಡುವುದಿಲ್ಲ. ಅಂಥ ಜಾಗದಲ್ಲಿ ಬೇಕಾದದ್ದು ಲಾಕ್, ಅಥವಾ ಸುತ್ತುವ ಚಕ್ರವನ್ನು ಬ್ರೇಕಿನಿಂದ ಹಿಡಿಯುವ ಟ್ರ್ಯಾಕ್ಷನ್ ಕಂಟ್ರೋಲ್. ನಿಮ್ಮ ದಾರಿ ಬರೀ ಜಾರುತ್ತದೆ, ಹಳ್ಳಕೊಳ್ಳ ಇಲ್ಲ, ಕಡಿದಾದ ಏರೂ ಇಲ್ಲ ಎಂದಾದರೆ ಎತ್ತರದ ಟೂ-ವೀಲ್ ಡ್ರೈವ್ ಗಾಡಿ ಮತ್ತು ಒಳ್ಳೆಯ ಟೈರು ಸಾಕೆಂಬುದು ನಮ್ಮ ಅಭಿಪ್ರಾಯ. ಹಳೆಯ ಫೋರ್-ವೀಲ್ ಡ್ರೈವ್ ಬಳಸಿದರೂ ಬಳಸದಿದ್ದರೂ ಆರೈಕೆ ಕೇಳುತ್ತದೆ.

ಪ್ರಶ್ನೆ: ಒಂದು ಗಾಡಿಗೆ ಎರಡು ಲಿವರ್ ಇದೆ, ಇನ್ನೊಂದಕ್ಕೆ ಗುಂಡಿ, ಮೂರನೆಯದಕ್ಕೆ ಏನೂ ಇಲ್ಲ. ಮೂರನ್ನೂ ಮಾರುವವರು ‘ಫೋರ್ ಬೈ ಫೋರ್’ ಎನ್ನುತ್ತಾರೆ. ವ್ಯತ್ಯಾಸವೇನು?

ಉತ್ತರ: ಎರಡನೇ ಲಿವರ್ ಅಥವಾ ಗುಂಡಿಯ ಮೇಲೆ 2ಎಚ್ (ಎರಡು ಚಕ್ರದ ಎಳೆತ, ಮಾಮೂಲಿ ಗೇರು), 4ಎಚ್ (ನಾಲ್ಕು ಚಕ್ರ, ಮಾಮೂಲಿ ಗೇರು), 4ಎಲ್ ಎಂದಷ್ಟೇ ಇದ್ದರೆ ಅದು ಬಹುಪಾಲು ಪಾರ್ಟ್-ಟೈಮ್ ಜಾತಿ, ಅಂದರೆ ಬೇಕಾದಾಗ ಮಾತ್ರ ನಾಲ್ಕು ಚಕ್ರ ಎಳೆಯುವಂಥದ್ದು. 4ಎಚ್‌ಗೆ ಹಾಕಿದೊಡನೆ ಮುಂದಿನ ಶಾಫ್ಟ್ ಮತ್ತು ಹಿಂದಿನ ಶಾಫ್ಟ್ ಒಂದಕ್ಕೊಂದು ಬಿಗಿಯಾಗಿ ಸೇರುತ್ತವೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಓಡಬೇಕು. ಜಾರದ ಒಣ ರಸ್ತೆಯಲ್ಲಿ ಆ ವ್ಯತ್ಯಾಸ ಎಲ್ಲೂ ಹೋಗದೆ ಶಾಫ್ಟು, ಗೇರುಗಳಲ್ಲಿ ತಿರುಚಿಕೊಂಡು ಕೂರುತ್ತದೆ. ಆದ್ದರಿಂದ ಇದು ಮಣ್ಣು, ಮರಳು, ಕೆಸರಿಗೆ ಮಾತ್ರ. 4ಎಲ್ ಎಂದರೆ ತಗ್ಗಿದ ಗೇರು. ಸಾಮಾನ್ಯವಾಗಿ ಸುಮಾರು 2ರಿಂದ 2.7 ಪಟ್ಟು ತಗ್ಗಿಸುತ್ತದೆ, ಕೆಲವು ಗಾಡಿಗಳಲ್ಲಿ 4 ಪಟ್ಟು.

ಫುಲ್-ಟೈಮ್ ಗಾಡಿಯಲ್ಲಿ ಮಧ್ಯದಲ್ಲೂ ಒಂದು ಡಿಫರೆನ್ಷಿಯಲ್ ಇರುವುದರಿಂದ ಒಣ ರಸ್ತೆಯಲ್ಲೂ ನಾಲ್ಕು ಚಕ್ರ ಎಳೆಯಬಹುದು. ಕೆಸರಿನಲ್ಲಿ ಅದನ್ನು ಲಾಕ್ ಮಾಡುತ್ತಾರೆ. ಮಿತ್ಸುಬಿಶಿ ಪಜೆರೋದ ಸೂಪರ್ ಸೆಲೆಕ್ಟ್ ಎರಡನ್ನೂ ಬೆರೆಸಿದ ವ್ಯವಸ್ಥೆ: 2ಎಚ್ ಇದೆ, ರಸ್ತೆಗೆ 4ಎಚ್ ಇದೆ, ಲಾಕ್ ಆದ 4ಎಚ್ಎಲ್‌ಸಿ ಮತ್ತು 4ಎಲ್ಎಲ್‌ಸಿ ಬೇರೆ ಇವೆ.

ಏನೂ ಇಲ್ಲದ ಮೂರನೆಯದು ಆಲ್-ವೀಲ್ ಡ್ರೈವ್ ಇರಬೇಕು. ಒಂದು ಜೋಡಿ ಚಕ್ರ ಜಾರಿದಾಗ ಕ್ಲಚ್ ಪೊಟ್ಟಣವೋ ವಿಸ್ಕಸ್ ಕಪ್ಲಿಂಗೋ ಇನ್ನೊಂದು ಜೋಡಿಗೆ ಶಕ್ತಿ ದಾಟಿಸುತ್ತದೆ. ಇಂಥವುಗಳಲ್ಲಿ ತಗ್ಗಿದ ಗೇರು ಸಾಮಾನ್ಯವಾಗಿ ಇರುವುದಿಲ್ಲ. ಮರಳಿನಲ್ಲಿ ಬಹಳ ಹೊತ್ತು ಒದ್ದಾಡಿಸಿದರೆ ಕ್ಲಚ್ ಕಾದು ಕೈಬಿಡುತ್ತದೆ. ಇದನ್ನು ನೋಡುವಾಗ ನಾಲ್ಕೂ ಟೈರ್ ಒಂದೇ ಅಳತೆ, ಒಂದೇ ಮಟ್ಟಿಗೆ ಸವೆದವೇ ಎಂದು ಗಮನಿಸಿ. ಮುಂದಿನ ಮತ್ತು ಹಿಂದಿನ ಟೈರಿನ ಗೆರೆಯ ಆಳದಲ್ಲಿ 2–3 ಮಿ.ಮೀ.ಗಿಂತ ಹೆಚ್ಚು ಅಂತರವಿದ್ದರೆ ಸುತ್ತಳತೆ ಬೇರೆಯಾಗಿ ಕಪ್ಲಿಂಗ್ ಬಿಡುವಿಲ್ಲದೆ ದುಡಿಯುತ್ತದೆ. ಹಾಗೆ ಎಷ್ಟು ಸಾವಿರ ಕಿ.ಮೀ. ಓಡಿದೆಯೋ ಮಾರುವವರಿಗೂ ಗೊತ್ತಿರುವುದಿಲ್ಲ. ಇನ್ನೊಂದು ಮಾತು, ಬಗ್ಗಿ ನೋಡಿ ಎರಡೂ ಪ್ರೊಪೆಲ್ಲರ್ ಶಾಫ್ಟ್ ಇವೆಯೇ ಎಂದು ಖಚಿತಪಡಿಸಿಕೊಳ್ಳಿ. ಕಪ್ಲಿಂಗ್ ಹಿಡಿದುಕೊಂಡಾಗ ಒಂದು ಶಾಫ್ಟನ್ನೇ ಬಿಚ್ಚಿಟ್ಟು ಓಡಿಸುವವರಿದ್ದಾರೆ.

ಪ್ರಶ್ನೆ: ಲ್ಯಾಡರ್ ಚಾಸಿಯ (ಏಣಿಯಂಥ ಕಬ್ಬಿಣದ ಚೌಕಟ್ಟಿನ) ಹಳೆಯ ಡೀಸೆಲ್ ಗಾಡಿ ನೋಡಲು ಹೊರಟಿದ್ದೇನೆ. ಎಲ್ಲಿಂದ ಶುರುಮಾಡಲಿ?

ಉತ್ತರ: ನೀವು ಬರುವ ಮೊದಲು ಎಂಜಿನ್ ಚಾಲೂ ಮಾಡಬೇಡಿ ಎಂದು ಮಾರುವವರಿಗೆ ಹೇಳಿ. ಹೋದ ತಕ್ಷಣ ಬಾನೆಟ್ ಮುಟ್ಟಿ. ಬೆಚ್ಚಗಿದ್ದರೆ ತಣ್ಣನೆಯ ಎಂಜಿನ್‌ನ ತಕರಾರು ಮುಚ್ಚಿಡಲಾಗಿದೆ ಎಂದೇ ಲೆಕ್ಕ. ಆದರೆ ಎಂಜಿನ್ ನಂತರ. ಮೊದಲು ಚಾಸಿ, ಏಕೆಂದರೆ ಎಂಜಿನ್ ಬದಲಿಸಬಹುದು, ಕೊಳೆತ ಚಾಸಿಗೆ ಮದ್ದಿಲ್ಲ.

ಸಣ್ಣ ಸುತ್ತಿಗೆ ಮತ್ತು ಮೊಂಡು ಸ್ಕ್ರೂಡ್ರೈವರ್ ಇರಲಿ. ಮಾರುವವರ ಅನುಮತಿ ಪಡೆದು ಚಾಸಿಯ ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಗಣಗಣ ಎನ್ನುತ್ತದೆ. ತುಕ್ಕು ಪದರಗಟ್ಟಿದ ಜಾಗ, ಒಳಗೆ ಮಣ್ಣು ತುಂಬಿದ ಜಾಗ ‘ದಬ್’ ಎನ್ನುತ್ತದೆ. ಚಾಸಿಯ ಪೆಟ್ಟಿಗೆಯೊಳಗೆ ಸೇರಿದ ಕೆಸರು ತಿಂಗಳುಗಟ್ಟಲೆ ತೇವ ಹಿಡಿದಿಟ್ಟು ಒಳಗಿನಿಂದ ತಿನ್ನುತ್ತದೆ, ಹೊರಗೆ ಬಣ್ಣ ಮಾತ್ರ ಉಳಿದಿರುತ್ತದೆ. ಹಿಂದಿನ ಆಕ್ಸಲ್‌ನ ಮೇಲೆ ಚಾಸಿ ಬಾಗುವ ಕಡೆ, ಸ್ಪ್ರಿಂಗ್ ಶ್ಯಾಕಲ್ ಕೂರುವ ಕಡೆ, ಹಿಂದಿನ ಅಡ್ಡ ತೊಲೆ, ಬಾಡಿ ಬೋಲ್ಟುಗಳ ಸುತ್ತ ಹೆಚ್ಚು ಹೊತ್ತು ಕಳೆಯಿರಿ. ಸ್ಟೀರಿಂಗ್ ಬಾಕ್ಸ್ ಕೂತಿರುವ ಜಾಗದಲ್ಲಿ ಮತ್ತು ಶಾಕ್ ಅಬ್ಸಾರ್ಬರ್ ಹಿಡಿಗಳಲ್ಲಿ ಕೂದಲೆಳೆಯ ಬಿರುಕು ಹುಡುಕಿ. ಬಿರುಕಿನಿಂದ ಕೆಂಪು ತುಕ್ಕಿನ ಗೆರೆ ಇಳಿದಿರುತ್ತದೆ. ಕೆಳಭಾಗವೆಲ್ಲ ಮೊನ್ನೆಯಷ್ಟೇ ಬಳಿದ ಕಪ್ಪು ಅಂಡರ್‌ಕೋಟ್‌ನಿಂದ ಮಿರುಗುತ್ತಿದ್ದರೆ, ಬಳಿಯುವ ಮುನ್ನ ತೆಗೆದ ಫೋಟೋ ಕೇಳಿ. ಇಲ್ಲವೆಂದರೆ ಆ ಗಾಡಿ ಬಿಟ್ಟುಬಿಡುವುದೇ ಕ್ಷೇಮ. ಚಾಸಿಯ ಮೇಲೆ ಕೊರೆದ ಸಂಖ್ಯೆ ಕಾಗದಪತ್ರದ ಸಂಖ್ಯೆಗೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಅದರ ಸುತ್ತ ಗ್ರೈಂಡರ್ ಗುರುತು, ಹೊಸ ವೆಲ್ಡಿಂಗ್ ಕಂಡರೆ ಚೌಕಾಸಿಗೂ ನಿಲ್ಲಬೇಡಿ.

ಹಾಗೆಯೇ ಮುಂದೆ ಸಾಗಿ. ಪ್ರೊಪೆಲ್ಲರ್ ಶಾಫ್ಟನ್ನು ಎರಡೂ ಕೈಯಿಂದ ಹಿಡಿದು ಮೇಲೆ ಕೆಳಗೆ ಅಲುಗಿಸಿ. ಶಾಫ್ಟಿನ ತುದಿಯ ಕ್ರಾಸ್ ಬೇರಿಂಗಿನಲ್ಲಿ ಆಟ (ಸಡಿಲ) ಇರಬಾರದು. ಬೇರಿಂಗ್ ಬಟ್ಟಲಿನ ಸುತ್ತ ಕೆಂಪು ಪುಡಿ ಕಂಡರೆ ಒಳಗೆ ಗ್ರೀಸ್ ಒಣಗಿ ಸೂಜಿಗಳು ಪುಡಿಯಾಗುತ್ತಿವೆ. ಇದು ದೊಡ್ಡ ಖರ್ಚಲ್ಲ, ಹೆದರಬೇಡಿ. ಮುಂದಿನ ಚಕ್ರದ ಒಳಮಗ್ಗುಲಲ್ಲಿ ಸಿವಿ ಜಾಯಿಂಟಿನ (ಚಕ್ರ ತಿರುಗಿದಾಗಲೂ ಶಕ್ತಿ ದಾಟಿಸುವ ಕೀಲಿನ) ರಬ್ಬರ್ ಬೂಟ್ ಹರಿದು ಸುತ್ತಲೂ ಗ್ರೀಸ್ ಸಿಡಿದಿದ್ದರೆ ಮಣ್ಣು ಒಳಗೆ ಹೋಗಿದೆ ಎಂದರ್ಥ. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನ ಓಡಿಸಿದಾಗ ‘ಟಕ್ ಟಕ್’ ಕೇಳಿದರೆ ಜಾಯಿಂಟೂ ಹೋಗಿದೆ. ಮುಂದೆ ಗಟ್ಟಿ ಆಕ್ಸಲ್ (ಎಡಬಲ ಚಕ್ರಗಳನ್ನು ಸೇರಿಸುವ ಒಂದೇ ತೊಲೆ) ಇರುವ ಗಾಡಿಯಲ್ಲಿ ಚಕ್ರದ ಹಿಂದಿನ ದುಂಡು ಗೋಳದ ಮೇಲೆ ತೆಳು ಎಣ್ಣೆ ಇಳಿಯುತ್ತಿದೆಯೇ ನೋಡಿ. ತೆಳ್ಳಗಿದ್ದರೆ ಒಳಗಿನ ಆಕ್ಸಲ್ ಸೀಲ್ ಬಿಟ್ಟು ಡಿಫರೆನ್ಷಿಯಲ್ ಆಯಿಲ್ ಬಂದು ಗ್ರೀಸನ್ನು ಕರಗಿಸಿ ಸಾರು ಮಾಡಿದೆ. ಸೀಲ್ ಅಗ್ಗ, ಆದರೆ ಇಡೀ ಹಬ್ ಬಿಚ್ಚಬೇಕಾದ್ದರಿಂದ ಕೂಲಿ ಹೆಚ್ಚು.

ಈಗ ಎಂಜಿನ್. ತಣ್ಣಗಿರುವಾಗ ಚಾಲೂ ಮಾಡಿಸಿ ನೀವು ಸೈಲೆನ್ಸರ್ ಹತ್ತಿರ ನಿಲ್ಲಿ. ಒಂದೆರಡು ಕ್ಷಣದ ಹೊಗೆ ಸರಿ. ನೀಲಿ ಹೊಗೆ ನಿಲ್ಲದಿದ್ದರೆ ಎಂಜಿನ್ ಆಯಿಲ್ ಸುಡುತ್ತಿದೆ. ಸಿಹಿವಾಸನೆಯ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಹೋಗುತ್ತಿದೆ. ಬಿಸಿಯಾದ ಮೇಲೆ ಆಯಿಲ್ ಮುಚ್ಚಳ ಸಡಿಲಿಸಿ ಅಲ್ಲೇ ಇಡಿ. ಮುಚ್ಚಳ ಸಣ್ಣಗೆ ನಡುಗಿದರೆ ಚಿಂತೆಯಿಲ್ಲ, ಹಾರಿ ಬಿದ್ದು ಹೊಗೆ ಒತ್ತಿ ಬಂದರೆ ಪಿಸ್ಟನ್ ರಿಂಗ್ ಸವೆದಿದೆ.

ಪ್ರಶ್ನೆ: ಓಡಿಸಿ ನೋಡುವಾಗ ಫೋರ್-ವೀಲ್ ನಿಜಕ್ಕೂ ಕೆಲಸ ಮಾಡುತ್ತಿದೆ ಎಂದು ತಿಳಿಯುವುದು ಹೇಗೆ? ಡ್ಯಾಶ್‌ಬೋರ್ಡಿನ ದೀಪ ಹತ್ತಿದರೆ ಸಾಕೇ?

ಉತ್ತರ: ಸಾಲದು. ಎಷ್ಟೋ ಗಾಡಿಗಳಲ್ಲಿ ಆ ದೀಪ ಹೊತ್ತಿಸುವುದು ಟ್ರಾನ್ಸ್‌ಫರ್ ಕೇಸಿನ ಮೇಲಿರುವ ಒಂದು ಸ್ವಿಚ್ಚು. ಅಲ್ಲಿ ಗೇರು ಬಿದ್ದಿದೆ ಎಂದಷ್ಟೇ ಅದು ಹೇಳುತ್ತದೆ. ಮುಂದಿನ ಹಬ್ (ಆಕ್ಸಲ್ ಶಾಫ್ಟಿಗೆ ಚಕ್ರವನ್ನು ಸೇರಿಸುವ ಅಥವಾ ಬಿಡಿಸುವ ನಡುಭಾಗ) ಹಿಡಿಯದಿದ್ದರೆ ಶಾಫ್ಟ್ ಸುತ್ತುತ್ತದೆ, ಚಕ್ರಕ್ಕೆ ಏನೂ ತಲುಪುವುದಿಲ್ಲ.

ನಿಂತಲ್ಲೇ ಮಾಡಬಹುದಾದ ಪರೀಕ್ಷೆ ಇದು, ಹಬ್ ಲಾಕ್ ಇರುವ ಪಾರ್ಟ್-ಟೈಮ್ ಗಾಡಿಗೆ. ಸಮತಟ್ಟು ನೆಲದಲ್ಲಿ ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ. 2ಎಚ್‌ನಲ್ಲಿ, ಹಬ್ ಬಿಟ್ಟಿರುವಾಗ, ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಕೈಯಿಂದ ಸುತ್ತಬೇಕು. 4ಎಚ್‌ಗೆ ಹಾಕಿ ಮೊದಲ ಗೇರಿನಲ್ಲಿಟ್ಟರೆ ಸುತ್ತಬಾರದು. ಆಮೇಲೆ ಮತ್ತೆ 2ಎಚ್‌ಗೆ ತಂದು, ಮುಂದಿನ ಒಂದು ಚಕ್ರವನ್ನು ಜ್ಯಾಕ್‌ನಿಂದ ಎತ್ತಿ ಸ್ಟ್ಯಾಂಡ್ ಕೊಟ್ಟು, ಹಬ್ ಬಿಟ್ಟು ಸುತ್ತಿಸಿ: ಚಕ್ರ ಮಾತ್ರ ತಿರುಗಬೇಕು. ಹಬ್ ಲಾಕ್ ಮಾಡಿ ಸುತ್ತಿಸಿ: ಒಳಗಿನ ಶಾಫ್ಟೂ ಜೊತೆಗೆ ತಿರುಗಬೇಕು. ಇನ್ನೊಂದು ಕಡೆಯೂ ಹಾಗೆಯೇ. ಬರೀ ಜ್ಯಾಕ್ ನಂಬಿ ಯಾವ ಕಾರಣಕ್ಕೂ ಕೆಳಗೆ ತೂರಬೇಡಿ.

ಇನ್ನು ಓಡಿಸುವುದು. ಜಲ್ಲಿ, ಹುಲ್ಲು, ಸಡಿಲ ಮಣ್ಣು, ಯಾವುದಾದರೂ ಸರಿ. ಒಣ ಟಾರು ಬೇಡ. 4ಎಚ್‌ಗೆ ಹಾಕಿ ನೇರ ಸ್ವಲ್ಪ ದೂರ ಹೋಗಿ, ಆಮೇಲೆ ನಡಿಗೆಯ ವೇಗದಲ್ಲಿ ಸ್ಟೀರಿಂಗ್ ತಿರುಗಿಸಿ. ಪಾರ್ಟ್-ಟೈಮ್ ಗಾಡಿ ಆಗ ಕೊಂಚ ಬಿಗಿಯಾಗಿ, ಮುಂಭಾಗ ಹೊರಕ್ಕೆ ತಳ್ಳುವಂತೆ ಅನಿಸಬೇಕು. 2ಎಚ್‌ನಷ್ಟೇ ಹಗುರವಾಗಿ ತಿರುಗಿದರೆ ಮುಂದಿನ ಚಕ್ರಗಳಿಗೆ ಶಕ್ತಿ ಹೋಗುತ್ತಿಲ್ಲ. ಆಲ್-ವೀಲ್ ಡ್ರೈವ್ ಗಾಡಿಯಲ್ಲಿ ಲೆಕ್ಕ ತಿರುಗುಮುರುಗು: ಗಟ್ಟಿ ನೆಲದಲ್ಲಿ ಸ್ಟೀರಿಂಗ್ ಪೂರ್ತಿ ಮುರಿದು ನಿಧಾನ ಹೋದಾಗ ಯಾರೋ ಬ್ರೇಕ್ ಹಿಡಿದಂತೆ ತಡೆದರೆ ಕಪ್ಲಿಂಗ್ ಅಂಟಿಕೊಂಡಿದೆ.

4ಎಲ್‌ಗೆ ಹಾಕುವಾಗ ಗಾಡಿ ಪೂರ್ತಿ ನಿಲ್ಲಿಸಿ, ಕ್ಲಚ್ ಒತ್ತಿ. ಆಟೋಮ್ಯಾಟಿಕ್ ಆದರೆ ನ್ಯೂಟ್ರಲ್. ಮೊದಲ ಗೇರಿನಲ್ಲಿ ಏರು ಹತ್ತಿಸಿ, ಅದೇ ಏರನ್ನು ಬ್ರೇಕ್, ಕ್ಲಚ್ ಎರಡನ್ನೂ ಮುಟ್ಟದೆ ಇಳಿಸಿ. ಮ್ಯಾನ್ಯುಯಲ್ ಗಾಡಿ ನಡಿಗೆಯ ವೇಗದಲ್ಲೇ ಇಳಿಯಬೇಕು. ಹತ್ತುವಾಗಲೋ ಇಳಿಯುವಾಗಲೋ ಲಿವರ್ ತಾನಾಗಿ ಹಾರಿ ನ್ಯೂಟ್ರಲ್‌ಗೆ ಬಂದರೆ ಒಳಗಿನ ಹಲ್ಲು ಅಥವಾ ಫೋರ್ಕ್ ಸವೆದಿದೆ. ಟ್ರಾನ್ಸ್‌ಫರ್ ಕೇಸ್ ಇಳಿಸಿ ಬಿಚ್ಚದೆ ಗತಿಯಿಲ್ಲ. ಜೋರಾಗಿ ಎಳೆಯುವಾಗ ‘ಕಟಕಟ’ ಎಂದು ಹಲ್ಲು ಹಾರಿದ ಸದ್ದು ಬಂದರೆ ಟ್ರಾನ್ಸ್‌ಫರ್ ಕೇಸಿನೊಳಗಿನ ಚೈನ್ ಉದ್ದವಾಗಿ ಸಡಿಲಗೊಂಡಿರುವುದೇ ಹೆಚ್ಚು. ಗೇರಿನಿಂದಲೇ ನಡೆಯುವ ಟ್ರಾನ್ಸ್‌ಫರ್ ಕೇಸಿನ ಒಂದಿಷ್ಟು ಗುಂಯ್‌ಗುಡುವಿಕೆ ಮಾತ್ರ ಸಹಜ.

4ಎಲ್, 4ಎಚ್‌ನಿಂದ ಹೊರಬರಲು ಲಿವರ್ ಹಟ ಮಾಡಿದರೆ ಬಲ ಹಾಕಬೇಡಿ. ನಾಲ್ಕಾರು ಮೀಟರ್ ನೇರವಾಗಿ ರಿವರ್ಸ್ ಹೋಗಿ, ತಿರುಚು ಬಿಚ್ಚಿಕೊಳ್ಳುತ್ತದೆ. ಕೊನೆಗೆ ಟಾರು ರಸ್ತೆಯಲ್ಲಿ 2ಎಚ್‌ನಲ್ಲಿ 60–80 ಕಿ.ಮೀ. ವೇಗಕ್ಕೆ ಹೋಗಿ ಆಕ್ಸಿಲರೇಟರ್ ಒತ್ತಿ, ಬಿಡಿ. ಒತ್ತಿದಾಗ ಮಾತ್ರ ಅಥವಾ ಬಿಟ್ಟಾಗ ಮಾತ್ರ ಹಿಂದಿನಿಂದ ಊಳಿಡುವ ಸದ್ದು ಬಂದರೆ ಡಿಫರೆನ್ಷಿಯಲ್‌ನ ಕ್ರೌನ್-ಪಿನಿಯನ್ ಸವೆದಿದೆ. ಟೈರಿನ ಸದ್ದು ಹಾಗಲ್ಲ, ಒತ್ತಿದರೂ ಬಿಟ್ಟರೂ ಒಂದೇ ರೀತಿ ಇರುತ್ತದೆ.

ಪ್ರಶ್ನೆ: ‘ಫೋರ್-ವೀಲ್ ಒಮ್ಮೆಯೂ ಬಳಸಿಲ್ಲ, ಬರೀ ರಸ್ತೆಯಲ್ಲಿ ಓಡಿದ ಗಾಡಿ’ ಎನ್ನುತ್ತಾರೆ. ಒಳ್ಳೆಯದೇ ಅಲ್ಲವೇ?

ಉತ್ತರ: ಚಾಸಿಗೆ ಒಳ್ಳೆಯದು, ಫೋರ್-ವೀಲ್ ವ್ಯವಸ್ಥೆಗೆ ಅಲ್ಲ. ವರ್ಷಗಟ್ಟಲೆ ಅಲುಗದ ಹಬ್‌ನಲ್ಲಿ ಗ್ರೀಸ್ ಗಟ್ಟಿಯಾಗುತ್ತದೆ, ವ್ಯಾಕ್ಯೂಮ್ ಕೊಳವೆ ಬಿರಿಯುತ್ತದೆ, ಗುಂಡಿಯ ಗಾಡಿಗಳಲ್ಲಿ ಗೇರು ತಳ್ಳುವ ಮೋಟರು ತುಕ್ಕು ಹಿಡಿದು ದೀಪ ಮಿನುಗುತ್ತಲೇ ಉಳಿಯುತ್ತದೆ. ತಿಂಗಳಿಗೊಮ್ಮೆ ಮಣ್ಣಿನಲ್ಲಿ ಹತ್ತು ನಿಮಿಷ ಓಡಿಸಿದ ಗಾಡಿ ಇದಕ್ಕಿಂತ ಮೇಲು. ಮೇಲಿನ ಪರೀಕ್ಷೆಗಳಲ್ಲಿ ಒಂದನ್ನೂ ಬಿಡಬೇಡಿ.

ಪ್ರಶ್ನೆ: ಎತ್ತರಿಸಿದ ಸಸ್ಪೆನ್ಷನ್, ದೊಡ್ಡ ಟೈರು, ವಿಂಚ್ (ಹೂತ ಗಾಡಿ ಎಳೆಯುವ ರಾಟೆ) ಎಲ್ಲ ಹಾಕಿಸಿ ‘ರೆಡಿ’ ಇರುವ ಗಾಡಿ ಸಿಕ್ಕಿದೆ. ಕಂಪನಿ ಸ್ಥಿತಿಯ ಗಾಡಿಗಿಂತ ಲಾಭವಲ್ಲವೇ?

ಉತ್ತರ: ಹಾಕಿಸಿದ ಸಾಮಾನು ನೋಡಿ ದರ ಕಟ್ಟಬೇಡಿ, ಅದನ್ನು ಹಾಕಿಸಿಕೊಂಡು ಎಂಥ ಕಡೆ ಹೋಗಿದ್ದರು ಎಂದು ಯೋಚಿಸಿ. ಎರಡರಲ್ಲಿ ಒಂದನ್ನು ಆರಿಸಬೇಕಾಗಿ ಬಂದರೆ ಬಣ್ಣ ಮಾಸಿದ್ದರೂ ಕಂಪನಿ ಸ್ಥಿತಿಯಲ್ಲಿರುವುದನ್ನೇ ಆರಿಸಿ ಎನ್ನುತ್ತೇವೆ.

ಟೈರಿನ ಲೆಕ್ಕ ನೋಡಿ. 235/70 ಆರ್16 ಟೈರಿನ ವ್ಯಾಸ ಸುಮಾರು 735 ಮಿ.ಮೀ. ಅದರ ಜಾಗಕ್ಕೆ 265/70 ಆರ್16 ಹಾಕಿದರೆ 777 ಮಿ.ಮೀ., ಅಂದರೆ 5.7 ಶೇಕಡಾ ಹೆಚ್ಚು. ಮೀಟರ್ ತಿದ್ದಿಸದೆ ಇದ್ದರೆ ಮೀಟರಿನಲ್ಲಿ 80,000 ಕಿ.ಮೀ. ಕಾಣುವ ಹೊತ್ತಿಗೆ ಗಾಡಿ ಸುಮಾರು 84,600 ಓಡಿರುತ್ತದೆ. ಗೇರುಗಳೂ ಅಷ್ಟೇ ಪ್ರಮಾಣದಲ್ಲಿ ಎತ್ತರವಾದಂತಾಗಿ ಕ್ಲಚ್ ಹೆಚ್ಚು ಸವೆಯುತ್ತದೆ. ಕ್ಲಚ್ ನೋಡಲು ಮೇಲಿನ ಗೇರಿನಲ್ಲಿ ನಿಧಾನ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿ. ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಜಾರುತ್ತಿದೆ.

ಎತ್ತರ 50 ಮಿ.ಮೀ. ದಾಟಿದ್ದರೆ ಪ್ರೊಪೆಲ್ಲರ್ ಶಾಫ್ಟಿನ ಓರೆ ಹೆಚ್ಚಿ ನಡುಕ ಬರಬಹುದು, ಕ್ಯಾಸ್ಟರ್ (ಮುಂದಿನ ಚಕ್ರ ತಿರುಗುವ ಅಕ್ಷದ ಹಿಂದಕ್ಕಿನ ವಾಲು) ಕಡಿಮೆಯಾಗಿ ಗಾಡಿ ನೇರ ರಸ್ತೆಯಲ್ಲಿ ಅಲೆಯಬಹುದು. ಚಕ್ರ ಪೂರ್ತಿ ಇಳಿಬಿಟ್ಟಾಗ ಬ್ರೇಕ್ ಹೋಸ್ ಬಿಗಿಯಾಗಿ ಎಳೆದುಕೊಂಡರೆ ಅದು ಅಪಾಯ. ವಿಂಚ್‌ನ ದಪ್ಪ ತಂತಿ ಬ್ಯಾಟರಿಯಿಂದ ಬರುವ ದಾರಿಯಲ್ಲಿ ಕಬ್ಬಿಣಕ್ಕೆ ಉಜ್ಜುತ್ತಿದೆಯೇ ನೋಡಿ, ಬೆಂಕಿಗೆ ಅದೇ ದಾರಿ. ಕಂಪನಿಯ ಹಳೆಯ ಸ್ಪ್ರಿಂಗು, ಬಂಪರು ಇಟ್ಟಿದ್ದರೆ ಕೇಳಿ ಪಡೆಯಿರಿ. ಬದಲಾವಣೆಗಳು ಕಾಗದಪತ್ರದಲ್ಲಿ ದಾಖಲಾಗಿವೆಯೇ ಎಂದೂ ವಿಚಾರಿಸಿ.

ಪ್ರಶ್ನೆ: ಗಾಡಿ ಆಳವಾದ ನೀರಿಗೆ ಇಳಿದಿತ್ತೋ ಇಲ್ಲವೋ ಪತ್ತೆ ಹಚ್ಚಬಹುದೇ?

ಉತ್ತರ: ಬಹುಪಾಲು ಹಚ್ಚಬಹುದು. ಸೀಟ್‌ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಸುರುಳಿಯ ಒಳತುದಿಯಲ್ಲಿ ಮಣ್ಣಿನ ಕಲೆ ಇದ್ದರೆ ನೀರು ಸೀಟಿನ ಮಟ್ಟಕ್ಕೆ ಬಂದಿತ್ತು. ಕಾರ್ಪೆಟ್ ಎತ್ತಿ, ಸೀಟಿನ ಬೋಲ್ಟುಗಳನ್ನು, ಡ್ಯಾಶ್‌ಬೋರ್ಡಿನ ಅಡಿಯ ಕಬ್ಬಿಣದ ಪಟ್ಟಿಗಳನ್ನು, ಏರ್ ಫಿಲ್ಟರ್ ಪೆಟ್ಟಿಗೆಯ ತಳವನ್ನು ನೋಡಿ. ಫಿಲ್ಟರ್ ಪೆಟ್ಟಿಗೆಯಲ್ಲಿ ಒಣಗಿದ ಕೆಸರಿನ ಗೆರೆ ಇದ್ದರೆ ಎಂಜಿನ್ ನೀರು ಕುಡಿದಿರಬಹುದು. ನೀರು ಗಾಳಿಯಂತೆ ಕುಗ್ಗುವುದಿಲ್ಲವಾದ್ದರಿಂದ ಪಿಸ್ಟನ್ ಅದಕ್ಕೆ ಗುದ್ದಿ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಬಾಗಿದ ರಾಡಿನಲ್ಲೇ ಕೆಲವು ಕಾಲ ಓಡುವುದೂ ಉಂಟು. ಅನುಮಾನ ಬಂದರೆ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಒಂದು ಸಿಲಿಂಡರ್ ಉಳಿದವಕ್ಕಿಂತ ಎದ್ದು ಕಾಣುವಷ್ಟು ಕಡಿಮೆ ಇರಬಾರದು.

ಆಕ್ಸಲ್‌ನ ಕಥೆ ಬೇರೆ. ಓಡಿ ಬಿಸಿಯಾದ ಡಿಫರೆನ್ಷಿಯಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಮೇಲಿನ ಬ್ರೀದರ್ (ಗಾಳಿಯಾಡುವ ರಂಧ್ರ) ಕೆಸರಿನಿಂದ ಮುಚ್ಚಿದ್ದರೆ ಸೀಲುಗಳ ಮೂಲಕ ನೀರನ್ನೇ ಹೀರುತ್ತದೆ. ಫಿಲ್ಲರ್ ಪ್ಲಗ್ ತೆಗೆದು ಬೆರಳು ಹಾಕಿ ನೋಡಿ, ಆಯಿಲ್ ಹಾಲು ಬೆರೆಸಿದಂತೆ ಬೆಳ್ಳಗಿದ್ದರೆ ನೀರು ಸೇರಿದೆ, ಬೇರಿಂಗುಗಳಿಗೆ ಆಗಲೇ ತುಕ್ಕು ಹತ್ತಿರಬಹುದು.

ಪ್ರಶ್ನೆ: ಮುಂದೆ ಗಟ್ಟಿ ಆಕ್ಸಲ್ ಇರುವ ಗಾಡಿ. 70 ಕಿ.ಮೀ. ವೇಗದಲ್ಲಿ ಗುಂಡಿ ಹಾರಿದರೆ ಸ್ಟೀರಿಂಗ್ ಭಯಂಕರವಾಗಿ ಒದರಾಡುತ್ತದೆ. ‘ಡ್ಯಾಂಪರ್ (ಸ್ಟೀರಿಂಗಿನ ಅದುರಾಟ ತಗ್ಗಿಸುವ ಶಾಕ್ ಅಬ್ಸಾರ್ಬರ್) ಹಾಕಿಸಿದರೆ ಸರಿ’ ಎಂದು ಮಾರುವವರು ಹೇಳುತ್ತಾರೆ.

ಉತ್ತರ: ಡ್ಯಾಂಪರ್ ಒದರಾಟವನ್ನು ಮುಚ್ಚುತ್ತದೆ, ಕಾರಣ ಹಾಗೆಯೇ ಉಳಿಯುತ್ತದೆ. ಚಕ್ರಗಳು ನೆಲದ ಮೇಲಿರುವಾಗ ಒಬ್ಬರು ಸ್ಟೀರಿಂಗನ್ನು ಎಡಬಲಕ್ಕೆ ಬೇಗಬೇಗ ಅಲ್ಲಾಡಿಸಲಿ, ಇನ್ನೊಬ್ಬರು ಪಕ್ಕದಿಂದ ಬಗ್ಗಿ ಒಂದೊಂದೇ ಜಾಯಿಂಟ್ ನೋಡಲಿ. ಟೈ ರಾಡ್ ತುದಿಗಳು, ಆಕ್ಸಲ್ಲನ್ನು ಅಡ್ಡಲಾಗಿ ಹಿಡಿದಿರುವ ಪ್ಯಾನ್‌ಹಾರ್ಡ್ ರಾಡ್ ಇದ್ದರೆ ಅದರ ಬುಷ್, ಬೋಲ್ಟಿನ ತೂತು ಮೊಟ್ಟೆಯಾಕಾರವಾಗಿದೆಯೇ ಎಂಬುದು ಮುಖ್ಯ. ಆಮೇಲೆ ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲುಗಿಸಿ. ಆಟ ಇದ್ದರೆ ಬ್ರೇಕ್ ಒತ್ತಿಸಿ ಮತ್ತೆ ಅಲುಗಿಸಿ: ಆಟ ಮಾಯವಾದರೆ ವೀಲ್ ಬೇರಿಂಗ್, ಉಳಿದರೆ ಕಿಂಗ್‌ಪಿನ್ (ಚಕ್ರ ಎಡಬಲಕ್ಕೆ ತಿರುಗುವ ಕೀಲು). ಇವೆಲ್ಲ ದುರಸ್ತಿಯಾಗುವಂಥವೇ. ಆ ಖರ್ಚನ್ನು ದರದಲ್ಲಿ ಕಳೆದು ಗಾಡಿ ಕೊಳ್ಳಬಹುದು, ಆದರೆ ರಿಪೇರಿ ಆಗುವವರೆಗೆ ಓಡಿಸಿಕೊಂಡು ಹೋಗಬೇಡಿ, ಸಾಗಿಸಿಕೊಂಡು ಹೋಗಿ.

ಪ್ರಶ್ನೆ: ಕೊಂಡಾಯಿತು. ಮೊದಲ ವಾರ ಏನೇನು ಬದಲಿಸಬೇಕು?

ಉತ್ತರ: ‘ಮೊನ್ನೆಯಷ್ಟೇ ಸರ್ವಿಸ್ ಆಗಿದೆ’ ಎಂದರೆ ಸಾಮಾನ್ಯವಾಗಿ ಎಂಜಿನ್ ಆಯಿಲ್ ಮಾತ್ರ. ನಿಮ್ಮ ಗಾಡಿಯಲ್ಲಿ ಐದು ಕಡೆ ಆಯಿಲ್ ಇದೆ: ಎಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಮುಂದಿನ ಡಿಫರೆನ್ಷಿಯಲ್, ಹಿಂದಿನ ಡಿಫರೆನ್ಷಿಯಲ್. ಐದನ್ನೂ ಬದಲಿಸಿ, ಅಳತೆ ಮತ್ತು ದರ್ಜೆ ಗಾಡಿಯ ಕೈಪಿಡಿಯಲ್ಲಿ ಹೇಳಿದಂತೆಯೇ ಇರಲಿ. ಡಿಫರೆನ್ಷಿಯಲ್‌ಗೆ ಸಾಮಾನ್ಯವಾಗಿ ಜಿಎಲ್-5 ದರ್ಜೆಯ 80ಡಬ್ಲ್ಯೂ-90 ಅಥವಾ 75ಡಬ್ಲ್ಯೂ-90 ಹಾಕುತ್ತಾರೆ. ಆದರೆ ಜಿಎಲ್-4 ಕೇಳುವ ಹಳೆಯ ಗೇರ್‌ಬಾಕ್ಸಿಗೆ ಅದನ್ನೇ ಸುರಿದರೆ ಗೇರು ಸರಾಗ ಬೀಳಿಸುವ ಹಿತ್ತಾಳೆಯ ಸಿಂಕ್ರೊ ಉಂಗುರಗಳು ಹಾಳಾಗುವ ಸಂಭವವಿದೆ. ಟ್ರಾನ್ಸ್‌ಫರ್ ಕೇಸ್ ಕೆಲವದರಲ್ಲಿ ಗೇರ್ ಆಯಿಲ್, ಕೆಲವದರಲ್ಲಿ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ದ್ರವ ಕೇಳುತ್ತದೆ, ಊಹೆ ಬೇಡ.

ಡ್ರೈನ್ ಪ್ಲಗ್‌ಗೆ ಅಯಸ್ಕಾಂತ ಇದ್ದರೆ ಅದಕ್ಕೆ ಅಂಟಿದ್ದನ್ನು ಬೆರಳಲ್ಲಿ ಉಜ್ಜಿ ನೋಡಿ. ಬೂದು ಬಣ್ಣದ ನುಣ್ಣನೆಯ ಲೇಪ ಸಹಜ ಸವೆತ. ಕೈಗೆ ಚುಚ್ಚುವ ಚೂರುಗಳಿದ್ದರೆ ಬಿಚ್ಚಿಸಿ ನೋಡಲೇಬೇಕು. ಅದೇ ವಾರ ಬ್ರೇಕ್ ದ್ರವ, ಕೂಲೆಂಟ್, ಎಲ್ಲ ಫಿಲ್ಟರ್ ಬದಲಿಸಿ, ಕ್ರಾಸ್‌ಗಳಿಗೆ ನಿಪ್ಪಲ್ ಇದ್ದರೆ ಗ್ರೀಸ್ ಹೊಡೆಸಿ, ಆಕ್ಸಲ್ ಬ್ರೀದರ್ ಬಿಡಿಸಿ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆಗಿದ್ದು, ಬದಲಿಸಿದ ದಾಖಲೆ ಇಲ್ಲದಿದ್ದರೆ ಬೆಲ್ಟ್ ಮೊದಲು, ಉಳಿದದ್ದೆಲ್ಲ ಆಮೇಲೆ. ಟೈರಿನ ಮಗ್ಗುಲಲ್ಲಿ ತಯಾರಾದ ವಾರ ಮತ್ತು ವರ್ಷದ ನಾಲ್ಕು ಅಂಕಿ ಇರುತ್ತದೆ, 2316 ಎಂದರೆ 2016ರ 23ನೇ ವಾರ. ಅಷ್ಟು ಹಳೆಯದಾದರೆ ಗೆರೆ ಆಳವಾಗಿದ್ದರೂ ರಬ್ಬರ್ ಗಟ್ಟಿಯಾಗಿರುತ್ತದೆ, ಬದಲಿಸಿ.

ಡಿಫರೆನ್ಷಿಯಲ್ ಮತ್ತು ಟ್ರಾನ್ಸ್‌ಫರ್ ಕೇಸಿನ ಕೆಲಸಕ್ಕೆ ಕೈ ಹಾಕುವಾಗ ಮೇಲಿನ ಫಿಲ್ಲರ್ ಪ್ಲಗ್ ಮೊದಲು ಬಿಚ್ಚಿ. ಅದು ತುಕ್ಕು ಹಿಡಿದು ಅಲುಗದೆ ಕೂತಿರುವುದು ಸಾಮಾನ್ಯ. ಕೆಳಗಿನ ಡ್ರೈನ್ ಪ್ಲಗ್ ತೆಗೆದು ಆಯಿಲನ್ನೆಲ್ಲ ಇಳಿಸಿದ ಮೇಲೆ ಅದು ಗೊತ್ತಾದರೆ, ಹೊಸ ಆಯಿಲ್ ತುಂಬುವ ದಾರಿಯೇ ಇಲ್ಲದೆ ಗಾಡಿ ಅಲ್ಲೇ ನಿಲ್ಲುತ್ತದೆ.